ವಡಲೂರಿನ ಆರದ ಒಲೆ: ವಳ್ಳಲಾರ್ ರಾಮಲಿಂಗರ ಬದುಕು

ತೈಪೂಸದ ದಿನ ಹೊಸೂರಿನಲ್ಲಾಗಲಿ ತಾಳವಾಡಿಯಲ್ಲಾಗಲಿ ಸರ್ಕಾರಿ ಮದ್ಯದಂಗಡಿಗಳು ಮುಚ್ಚಿರುತ್ತವೆ. ಅಂದು ವಡಲೂರು ರಾಮಲಿಂಗರ್ ಸ್ಮರಣೆಯ ದಿನ. ಚೆನ್ನೈಯಲ್ಲಿ ಮಾಂಸದಂಗಡಿಗಳೂ ಅಂದು ತೆರೆಯುವುದಿಲ್ಲ. ಬಿಳಿಯ ಬಟ್ಟೆಯನ್ನು ತಲೆಯ ಮೇಲಿಂದ ಮೈತುಂಬ ಹೊದ್ದ ಅವರ ಚಿತ್ರವನ್ನು ನಮ್ಮ ಕಡೆಯ ಅನೇಕರು ತಮಿಳುನಾಡಿನ ಹೋಟೆಲು, ಅಂಗಡಿಗಳ ಗೋಡೆಯ ಮೇಲೆ ನೋಡಿರುತ್ತಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ಗಡಿನಾಡಿನವರಿಗೆ ಈ ಹೆಸರು ಹೊಸದಲ್ಲ. ಆದರೆ ಅವರು ಯಾರು, ಏನು ಮಾಡಿದರು, ಅವರ ದಿನದಂದು ಅಂಗಡಿಗಳೇಕೆ ಮುಚ್ಚುತ್ತವೆ ಎಂದು ಕೇಳಿದರೆ ಹೇಳಬಲ್ಲವರು ಕಡಿಮೆ.

ಮಾಂಸ ತಿನ್ನಬಾರದು ಎಂದು ಹೇಳಿದ ಸಾಧುಸಂತರು ನಮ್ಮ ದೇಶದಲ್ಲಿ ಬಹಳ ಮಂದಿ. ರಾಮಲಿಂಗರು ಆ ಮಾತನ್ನು ಹೇಳಿ ಅಷ್ಟಕ್ಕೇ ನಿಲ್ಲಲಿಲ್ಲ. ಮಾಂಸ ಬಿಟ್ಟವನ ಎದುರಿಗೆ ಹಸಿದವನೊಬ್ಬ ನಿಂತಿದ್ದರೆ ಅವನಿಗೆ ಅನ್ನ ಕೊಡುವುದೇ ಮುಂದಿನ ಕೆಲಸ ಎಂದರು. ಹೇಳಿದ್ದನ್ನು ಮಾಡಿಯೂ ತೋರಿಸಿದರು.

ಹಸಿವು ಕಂಡ ಬಾಲ್ಯ

ರಾಮಲಿಂಗರು ಹುಟ್ಟಿದ್ದು 1823ರ ಅಕ್ಟೋಬರ್ 5ರಂದು, ಚಿದಂಬರದ ಸಮೀಪದ ಮರುದೂರು ಎಂಬ ಹಳ್ಳಿಯಲ್ಲಿ. ತಂದೆ ರಾಮಯ್ಯ ಪಿಳ್ಳೈ ಊರಿನ ಲೆಕ್ಕ ಬರೆಯುವ ಕರಣಿಕರು. ತಾಯಿ ಚಿನ್ನಮ್ಮೈ. ಐವರು ಮಕ್ಕಳಲ್ಲಿ ಇವರೇ ಕಿರಿಯರು. ಕೂಸು ಇನ್ನೂ ತೊಟ್ಟಿಲಲ್ಲಿರುವಾಗಲೇ ತಂದೆ ತೀರಿಕೊಂಡರು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಪೊನ್ನೇರಿ ಕಡೆಯ ತವರಿಗೆ ಹೋದರು. ಅಲ್ಲಿಂದ ಸಂಸಾರ ಮದರಾಸು ಸೇರಿತು. ಹಿರಿಯ ಅಣ್ಣ ಸಭಾಪತಿ ಪುರಾಣ ಪ್ರವಚನ ಮಾಡಿ ಮನೆ ನಡೆಸುತ್ತಿದ್ದರು.

ತಮ್ಮ ಓದಿ ಮುಂದೆ ಬರಲೆಂದು ಅಣ್ಣನ ಆಸೆ. ಹುಡುಗನಿಗೆ ಪಾಠದ ಮೇಲೆ ಮನಸ್ಸಿಲ್ಲ. ಕಂದಕೋಟ್ಟದ ಮುರುಗನ ಗುಡಿಯಲ್ಲಿ ಹಾಡು ಕಟ್ಟಿ ಹಾಡುತ್ತ ಹೊತ್ತು ಕಳೆಯುತ್ತಿದ್ದ. ಅಣ್ಣನಿಗೆ ಸಿಟ್ಟು ಬಂತು. ಇವನಿಗೆ ಮನೆಯಲ್ಲಿ ಅನ್ನವನ್ನೂ ಬಟ್ಟೆಯನ್ನೂ ಕೊಡಬೇಡ ಎಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿದರು. ಅತ್ತಿಗೆಯ ಕರುಳು ಕೇಳಲಿಲ್ಲ. ಗಂಡ ಹೊರಗೆ ಹೋದ ಮೇಲೆ ಹಿತ್ತಿಲ ಬಾಗಿಲಲ್ಲಿ ಮೈದುನನನ್ನು ಕರೆದು ಉಣ್ಣಲು ಹಾಕುತ್ತಿದ್ದರು. ತಂದೆಯ ಶ್ರಾದ್ಧದ ದಿನ ಮನೆತುಂಬ ಜನ ಎಲೆ ಮುಂದೆ ಕುಳಿತಿದ್ದಾಗಲೂ ಹುಡುಗ ಹಿತ್ತಿಲಲ್ಲೇ ಉಣ್ಣಬೇಕಾಯಿತು. ಬಡಿಸುತ್ತ ಬಡಿಸುತ್ತ ಅತ್ತಿಗೆ ಅತ್ತುಬಿಟ್ಟರಂತೆ. ಅವರ ಕಣ್ಣೀರು ನೋಡಿ ಹುಡುಗ ಓದಲು ಒಪ್ಪಿದ, ಒಂದು ಕೋಣೆಯನ್ನೂ ಕನ್ನಡಿಯನ್ನೂ ಕೇಳಿ ಪಡೆದ ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಆ ಕನ್ನಡಿಯಲ್ಲಿ ಮುರುಗನ ದರ್ಶನವಾಯಿತೆಂಬುದು ಭಕ್ತರ ನಂಬಿಕೆ.

ಕದ್ದುಮುಚ್ಚಿ ಬಡಿಸಿದ ಆ ಅನ್ನದ ಋಣವನ್ನು ರಾಮಲಿಂಗರು ಮರೆತಂತಿಲ್ಲ. ಅನ್ನ ತಪ್ಪಿಸುವುದನ್ನು ಶಿಕ್ಷೆಯಾಗಿ ಕಂಡುಂಡವರು ಅವರು. ಮುಂದೆ ಅವರು ಕಟ್ಟಿದ ಧರ್ಮಶಾಲೆಯಲ್ಲಿ ಉಣ್ಣಲು ಬಂದವರು ಇಂಥವರೇ ಆಗಬೇಕೆಂಬ ನಿಯಮ ಇರಲಿಲ್ಲ.

ಅವರು ಯಾವ ಗುರುವಿನ ಬಳಿಯೂ ಹೆಚ್ಚು ದಿನ ಕಲಿಯಲಿಲ್ಲ. ಆದರೂ ಅಣ್ಣನಿಗೆ ಮೈ ಸರಿಯಿಲ್ಲದ ಒಂದು ದಿನ ಚಿಕ್ಕ ವಯಸ್ಸಿನಲ್ಲೇ ಪ್ರವಚನಕ್ಕೆ ಕುಳಿತು, ಅರವತ್ತಮೂರು ಶಿವಭಕ್ತರ ಚರಿತ್ರೆಯಾದ ಪೆರಿಯ ಪುರಾಣವನ್ನು ಹೇಳಿ ಕೇಳುಗರನ್ನು ಬೆರಗುಗೊಳಿಸಿದರು. ಮನೆಯವರ ಒತ್ತಾಯಕ್ಕೆ 27ನೇ ವಯಸ್ಸಿನಲ್ಲಿ ಅಕ್ಕನ ಮಗಳು ಧನಕೋಟಿಯನ್ನು ಮದುವೆಯಾದರು. ಆದರೆ ಸಂಸಾರ ಅವರನ್ನು ಹಿಡಿಯಲಿಲ್ಲ. 1858ರ ಸುಮಾರಿಗೆ ಮದರಾಸು ಬಿಟ್ಟು ಚಿದಂಬರದ ಕಡೆಗೆ ಹೊರಟರು. ವಡಲೂರಿನ ಹತ್ತಿರದ ಕರುಂಗುಳಿಯಲ್ಲಿ ವೆಂಕಟ ರೆಡ್ಡಿಯಾರ್ ಎಂಬವರ ಮನೆಯಲ್ಲಿ ನೆಲೆನಿಂತು ಸುಮಾರು ಒಂಬತ್ತು ವರ್ಷ ಅಲ್ಲೇ ಇದ್ದರು. ಹಾಡುಗಳಲ್ಲಿ ಬಹಳಷ್ಟನ್ನು ಬರೆದದ್ದು ಅಲ್ಲಿಯೇ.

ಬರಗಾಲದಲ್ಲಿ ಹೊತ್ತಿದ ಬೆಂಕಿ

1865-66ರಲ್ಲಿ ಮದ್ರಾಸ್ ಪ್ರಾಂತ್ಯದ ಅನೇಕ ಕಡೆ ಮಳೆ ಕೈಕೊಟ್ಟಿತು. ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ, ರಾಯದುರ್ಗದ ಸೀಮೆಯೂ ಆ ಬರದಲ್ಲಿ ನೊಂದಿತ್ತು. ತಮಿಳು ಸೀಮೆಯಲ್ಲೂ ಧಾನ್ಯದ ಬೆಲೆ ಏರಿ, ಕೂಲಿ ಮಾಡುವವರ ಮನೆಯ ಒಲೆ ಆರಿತು. ನೀರಿಲ್ಲದೆ ಬಾಡಿದ ಪೈರನ್ನು ಕಂಡರೂ ತಮ್ಮ ಜೀವ ಬಾಡುತ್ತಿತ್ತೆಂದು ಹಾಡಿಕೊಂಡವರು ರಾಮಲಿಂಗರು. ಹಸಿದ ಮನುಷ್ಯರನ್ನು ಕಂಡು ಅವರು ಸುಮ್ಮನಿರುವುದಾದರೂ ಹೇಗೆ?

ವಡಲೂರಿನ ಭಾಗವಾದ ಪಾರ್ವತೀಪುರದ ರೈತರು ಸುಮಾರು 80 ಕಾಣಿ ನೆಲವನ್ನು ಅವರಿಗೆ ಬಿಟ್ಟುಕೊಟ್ಟರು. ನಮ್ಮ ಲೆಕ್ಕದಲ್ಲಿ ಅದು ನೂರು ಎಕರೆಗೂ ಹೆಚ್ಚು. ಆ ನೆಲದಲ್ಲಿ 1867ರ ಮೇ 23ರಂದು ಸತ್ಯ ಧರ್ಮಶಾಲೆ ಆರಂಭವಾಯಿತು. ಅಂದು ಹೊತ್ತಿಸಿದ ಒಲೆಯ ಬೆಂಕಿ ಇಂದಿಗೂ ಆರಿಲ್ಲ. ಬೆಂಕಿಯನ್ನು ಕಾಯ್ದುಕೊಂಡು ದಿನದಿನವೂ ಅದೇ ಒಲೆಯಲ್ಲಿ ಅಡುಗೆ ಮಾಡಿ ಬಂದವರಿಗೆ ಬಡಿಸಲಾಗುತ್ತಿದೆ. ರಾಮಲಿಂಗರು ಕಣ್ಮರೆಯಾದ ಎರಡೇ ವರ್ಷಕ್ಕೆ, 1876ರಿಂದ 78ರವರೆಗೆ, ದಕ್ಷಿಣ ಭಾರತವನ್ನೇ ಸುಟ್ಟ ಮಹಾಕ್ಷಾಮ ಬಂದಾಗಲೂ ಆ ಒಲೆ ಉರಿಯುತ್ತಿತ್ತು.

ಉಣ್ಣಲು ಬಂದವನ ಊರು, ಮತ, ಜಾತಿ, ನಡತೆ ಯಾವುದನ್ನೂ ವಿಚಾರಿಸಬಾರದು ಎಂಬುದು ಅವರ ನಿಯಮ. ಜಾತಿಗೊಂದು ಪಂಕ್ತಿ, ಜಾತಿಗೊಂದು ಬಾವಿ ಇದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ನಮ್ಮ ಶರಣರ ದಾಸೋಹವನ್ನು ಬಲ್ಲವರಿಗೆ, ಸಿದ್ಧಗಂಗೆ, ಧರ್ಮಸ್ಥಳಗಳ ಪಂಕ್ತಿಯಲ್ಲಿ ಕುಳಿತು ಉಂಡವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಮಾಂಸವೇಕೆ ಬೇಡವೆಂದರು?

ರಾಮಲಿಂಗರ ವಿಚಾರವೆಲ್ಲ ಜೀವಕಾರುಣ್ಯ ಎಂಬ ಒಂದೇ ಪದದಲ್ಲಿ ಅಡಗಿದೆ. ಜೀವಕಾರುಣ್ಯ ಒಳುಕ್ಕಂ ಎಂಬ ಗದ್ಯ ಕೃತಿಯಲ್ಲಿ ಅವರು ಅದನ್ನು ಸರಳವಾಗಿ ವಿವರಿಸಿದ್ದಾರೆ. ಒಂದು ಜೀವ ಇನ್ನೊಂದು ಜೀವದ ನೋವನ್ನು ಕಂಡು ಕರಗುವುದೇ ಕಾರುಣ್ಯ. ಎಲ್ಲ ಜೀವಗಳೂ ಒಬ್ಬನೇ ದೇವರ ಸೃಷ್ಟಿಯಾದ್ದರಿಂದ ಎಲ್ಲವೂ ಅಣ್ಣತಮ್ಮಂದಿರೇ. ಒಡಹುಟ್ಟಿದವನನ್ನು ಕೊಂದು ತಿನ್ನುವವರುಂಟೇ ಎಂಬ ದಾರಿಯಲ್ಲಿ ಅವರ ವಾದ ಸಾಗುತ್ತದೆ.

ಹಾಗಾದರೆ ಗಿಡಮರಗಳಿಗೂ ಜೀವ ಉಂಟಲ್ಲ, ಸೊಪ್ಪು ತರಕಾರಿ ತಿನ್ನುವುದೂ ಕೊಲೆಯಲ್ಲವೇ? ಊರ ಕಟ್ಟೆಯ ಮೇಲೆ ಇಂದಿಗೂ ಕೇಳಿಬರುವ ಈ ಪ್ರಶ್ನೆಯನ್ನು ಅವರೇ ಎತ್ತಿಕೊಂಡು ಉತ್ತರಿಸಿದ್ದಾರೆ. ಗಿಡಕ್ಕೆ ಸ್ಪರ್ಶವೊಂದೇ ಅರಿವು. ಬೀಜ, ಕಾಯಿ, ಹಣ್ಣು, ಹೂವು, ಎಲೆಗಳನ್ನು ತೆಗೆದುಕೊಳ್ಳುವುದು ಮನುಷ್ಯನ ಉಗುರು, ಕೂದಲು ತೆಗೆದ ಹಾಗೆ. ಅದರಿಂದ ಪ್ರಾಣ ಹೋಗುವುದಿಲ್ಲ, ನೋವೂ ಆಗುವುದಿಲ್ಲ ಎಂಬುದು ಅವರ ಸಮಾಧಾನ. ಒಪ್ಪುವುದು ಬಿಡುವುದು ಓದುಗರಿಗೆ ಸೇರಿದ್ದು. ಆದರೆ ಪ್ರಶ್ನೆಗೆ ಬೆನ್ನು ತಿರುಗಿಸದೆ ಉತ್ತರ ಕೊಟ್ಟರು ಎಂಬುದು ಮುಖ್ಯ.

ಅವರ ಮಟ್ಟಿಗೆ ಜನರಲ್ಲಿ ಎರಡೇ ಕುಲ. ಕೊಲ್ಲುವುದನ್ನೂ ಮಾಂಸವನ್ನೂ ಬಿಟ್ಟವರು ಒಳಬಂಧುಗಳು, ಬಿಡದವರು ಹೊರಬಂಧುಗಳು. ಹುಟ್ಟಿನಿಂದ ಬರುವ ಜಾತಿಗೆ ಅಲ್ಲಿ ಎಡೆಯೇ ಇಲ್ಲ. ಯಾವ ಕೇರಿಯವನೂ ಒಳಬಂಧುವಾಗಬಹುದು. ಮಡಿ ಎಂಬ ಹೆಸರಿನಲ್ಲಿ ಕೆಲವು ಮನೆಗಳ ಸೊತ್ತಾಗಿದ್ದ ಸಸ್ಯಾಹಾರವನ್ನು ಅವರು ಕರುಣೆಯ ಹೆಸರಿನಲ್ಲಿ ಎಲ್ಲರ ಮುಂದೆ ಇಟ್ಟರು. ಇನ್ನೂ ಒಂದು ಮಾತು. ಮಾಂಸ ತಿನ್ನುವವನು ಹಸಿದು ಬಂದರೆ ಅವನಿಗೂ ಅನ್ನ ಹಾಕಲೇಬೇಕು. ಹೊರಬಂಧುವಾದರೂ ಹಸಿವಿನ ಮಟ್ಟಿಗೆ ಅವನು ಬೇರೆಯವನಲ್ಲ. ಮಾಂಸ ತಿನ್ನುವವರನ್ನು ದೂರವಿಡುವುದೇ ಸಸ್ಯಾಹಾರ ಎಂದು ತಿಳಿದವರು ಈ ಮಾತನ್ನು ಗಮನಿಸಬೇಕು.

ಹಸಿವು ಮನುಷ್ಯನನ್ನು ಏನು ಮಾಡುತ್ತದೆ ಎಂಬುದನ್ನು ಆ ಕೃತಿಯಲ್ಲಿ ಅವರು ವೈದ್ಯನಂತೆ ವರ್ಣಿಸಿದ್ದಾರೆ. ಬುದ್ಧಿ ಮಂಕಾಗುವುದು, ಕಣ್ಣು ಗುಳಿಬೀಳುವುದು, ಕಿವಿ ಗುಂಯ್‌ಗುಡುವುದು, ನಾಲಗೆ ಒಣಗುವುದು, ಕೈಕಾಲು ಸೋಲುವುದು, ಹೀಗೆ ಒಂದೊಂದಾಗಿ ಹೇಳುತ್ತಾರೆ. ಓದಿದರೆ, ಹಸಿದವರ ಪಕ್ಕದಲ್ಲಿ ಕುಳಿತು ನೋಡಿದವರೇ ಹೀಗೆ ಬರೆಯಬಲ್ಲರು ಅನ್ನಿಸುತ್ತದೆ.

ಜಾತ್ರೆಯ ಬಲಿ ಮತ್ತು ಅಡುಗೆಮನೆಯ ಸೊಪ್ಪು

ಊರದೇವತೆಗಳ ಹೆಸರಿನಲ್ಲಿ ಕುರಿ, ಕೋಳಿ, ಹಂದಿ, ಕೋಣಗಳನ್ನು ಕಡಿಯುವ ಗುಡಿಗಳನ್ನು ಕಂಡಾಗ ತಮ್ಮ ಎದೆ ನಡುಗುತ್ತಿತ್ತೆಂದು ರಾಮಲಿಂಗರು ಹಾಡಿದ್ದಾರೆ. ಮಾರಿಹಬ್ಬ, ಜಾತ್ರೆಗಳ ಊರಿನವರಾದ ನಮಗೆ ಇದು ದೂರದ ವಿಷಯವಲ್ಲ. ತಮಿಳುನಾಡಿನಲ್ಲಿ ಪ್ರಾಣಿಬಲಿ ತಡೆಯಲು 1950ರಲ್ಲೇ ಕಾನೂನು ಬಂದಿತ್ತು. 2003ರಲ್ಲಿ ಅದನ್ನು ಬಿಗಿಯಾಗಿ ಜಾರಿಗೆ ತರಲು ಹೊರಟ ಸರ್ಕಾರ, ಹಳ್ಳಿಗಳ ವಿರೋಧ ಕಂಡು 2004ರಲ್ಲಿ ಕಾನೂನನ್ನೇ ಹಿಂತೆಗೆಯಿತು. ರಾಮಲಿಂಗರು ನೆಚ್ಚಿದ್ದು ಕಾನೂನನ್ನಲ್ಲ, ಮನಸ್ಸು ಕರಗುವುದನ್ನು. ಅದು ನಿಧಾನದ ದಾರಿ ಎಂಬುದು ಅವರಿಗೂ ಗೊತ್ತಿತ್ತು.

ಅವರ ಉಪದೇಶದಲ್ಲಿ ಆರೋಗ್ಯದ ಮಾತೂ ಉಂಟು. ಹಿತಮಿತವಾಗಿ ಉಣ್ಣುವುದು, ಹೊತ್ತಿಗೆ ಸರಿಯಾಗಿ ಮಲಗಿ ಏಳುವುದು ಮುಂತಾದ ದಿನಚರಿಯನ್ನು ಅವರು ಶಿಷ್ಯರಿಗೆ ಬರೆಸಿದರು. ತಮಿಳಿನಲ್ಲಿ ಕರಿಸಲಾಂಗಣ್ಣಿ ಎನ್ನುವ, ನಮ್ಮವರು ಗರುಗದ ಸೊಪ್ಪು ಎಂದು ಕರೆಯುವ ಗಿಡವನ್ನು ಅವರು ಬಹಳ ಮೆಚ್ಚಿ, ಪ್ರತಿದಿನ ಬಳಸಲು ಹೇಳಿದರು. ಗದ್ದೆಯ ಬದುವಿನಲ್ಲಿ, ಕಾಲುವೆಯ ಅಂಚಿನಲ್ಲಿ ತಾನಾಗಿ ಬೆಳೆಯುವ ಬಡವರ ಸೊಪ್ಪು ಅದು. ಅದನ್ನು ಕೊಳ್ಳಲು ಕಾಸು ಬೇಡ.

ಮುಚ್ಚಿದ ಬಾಗಿಲು

ಅನುಯಾಯಿಗಳನ್ನು ಒಂದುಗೂಡಿಸಲು ರಾಮಲಿಂಗರು 1865ರಲ್ಲಿ ಸನ್ಮಾರ್ಗ ಸಂಘವನ್ನು ಕಟ್ಟಿದ್ದರು. ಅವರ ಹಾಡುಗಳನ್ನು ಶಿಷ್ಯ ತೊಳುವೂರು ವೇಲಾಯುಧ ಮುದಲಿಯಾರ್ 1867ರಲ್ಲಿ ತಿರುವರುಟ್ಪಾ ಎಂಬ ಹೆಸರಿನಲ್ಲಿ ಅಚ್ಚು ಹಾಕಿಸಿದರು. ವಳ್ಳಲಾರ್, ಅಂದರೆ ಮಹಾದಾನಿ, ಎಂಬ ಬಿರುದು ಅವರ ಹೆಸರಿಗೆ ಅಂಟಿಕೊಂಡಿತು. ಆ ಬಿರುದು ಅವರಿಗೆ ಇಷ್ಟವಿರಲಿಲ್ಲ. ಕೀರ್ತಿಯ ಜೊತೆಗೆ ವಿರೋಧವೂ ಬಂತು. ಯಾಳ್ಪಾಣದ ಶೈವ ವಿದ್ವಾಂಸ ಆರುಮುಗ ನಾವಲರ್ ಅವರು ಈ ಹಾಡುಗಳನ್ನು ದೈವಕೃಪೆಯ ಹಾಡುಗಳೆಂದು ಕರೆಯಲಾಗದು ಎಂದು ವಾದಕ್ಕೆ ನಿಂತರು. ಆ ವಾದ ಬಹುಕಾಲ ನಡೆಯಿತು.

1870ರಲ್ಲಿ ಅವರು ವಡಲೂರಿಗೆ ಸಮೀಪದ ಮೇಟ್ಟುಕುಪ್ಪಕ್ಕೆ ಹೋಗಿ ನೆಲೆಸಿದರು. 1872ರ ತೈಪೂಸದಂದು ವಡಲೂರಿನಲ್ಲಿ ಎಂಟು ಮೂಲೆಯ ಸತ್ಯ ಜ್ಞಾನಸಭೆಯನ್ನು ತೆರೆದರು. ಅಲ್ಲಿ ಪೂಜೆಗೊಳ್ಳುವುದು ಜ್ಯೋತಿ, ವಿಗ್ರಹವಲ್ಲ. ಆ ಜ್ಯೋತಿಯ ಮುಂದೆ ಏಳು ಬಣ್ಣದ ಏಳು ತೆರೆಗಳು. ಕೊಲೆಯನ್ನೂ ಮಾಂಸವನ್ನೂ ಬಿಟ್ಟವರು ಮಾತ್ರ ಒಳಗೆ ಬರಬೇಕೆಂದು ಬಾಗಿಲಲ್ಲೇ ಬರೆಸಿದರು. ಗಮನಿಸಿ: ಧರ್ಮಶಾಲೆಯ ಪಂಕ್ತಿಗೆ ಯಾವ ನಿಬಂಧನೆಯೂ ಇಲ್ಲ, ಜ್ಞಾನಸಭೆಯ ಬಾಗಿಲಿಗೆ ಇದೊಂದೇ ನಿಬಂಧನೆ. ಹೊಟ್ಟೆಗೆ ಷರತ್ತು ಹಾಕಬಾರದು, ದೇವರ ಮುಂದೆ ನಿಲ್ಲುವವನು ಮಾತ್ರ ತನ್ನ ಕೈಯನ್ನು ಒಮ್ಮೆ ನೋಡಿಕೊಳ್ಳಬೇಕು ಎಂದು ಇದರ ಅರ್ಥ.

ಕೊನೆಕೊನೆಗೆ ಅವರ ಮನಸ್ಸಿಗೆ ನೋವಾಗಿತ್ತು. ಸುತ್ತ ಜನ ಸೇರುತ್ತಿದ್ದರು. ಆದರೆ ಹೆಚ್ಚಿನವರು ಬಂದದ್ದು ಪವಾಡ ನೋಡಲು, ರೋಗ ವಾಸಿಮಾಡಿಸಿಕೊಳ್ಳಲು. ಹೇಳಿದಂತೆ ನಡೆಯುವವರು ಕಡಿಮೆ. ಜ್ಞಾನಸಭೆಗೆ ಅವರೇ ಬೀಗ ಹಾಕಿಸಿದರು. 1873ರ ಅಕ್ಟೋಬರಿನಲ್ಲಿ ಮೇಟ್ಟುಕುಪ್ಪದಲ್ಲಿ ಹಳದಿ ಬಿಳಿ ಬಣ್ಣದ ಧ್ವಜವನ್ನೇರಿಸಿ ದೀರ್ಘವಾಗಿ ಉಪದೇಶ ಮಾಡಿದರು. ಜಾತಿ ಮತಗಳ ಕಟ್ಟನ್ನು ಬಿಡಬೇಕು, ದಯೆಯೇ ದಾರಿ ಎಂಬುದೇ ಅದರ ತಿರುಳು. 1874ರ ಜನವರಿ 30ರ ರಾತ್ರಿ ತಮ್ಮ ಕೋಣೆಯನ್ನು ಹೊಕ್ಕು, ಹೊರಗಿನಿಂದ ಬಾಗಿಲು ಹಾಕಿಸಿಕೊಂಡರು. ಮತ್ತೆ ಅವರನ್ನು ಯಾರೂ ನೋಡಲಿಲ್ಲ. ಮುಂದೆ ಸರ್ಕಾರದ ಅಧಿಕಾರಿಗಳು ಬಾಗಿಲು ತೆರೆಸಿದಾಗ ಕೋಣೆ ಬರಿದಾಗಿತ್ತೆಂದು ಹೇಳುತ್ತಾರೆ. ಬೆಳಕಿನಲ್ಲಿ ಬೆಳಕಾದರು ಎಂದು ಭಕ್ತರು ನಂಬುತ್ತಾರೆ. ಆಗ ಅವರಿಗೆ ಐವತ್ತು ವರ್ಷ.

ಉಳಿದದ್ದು

2007ರಲ್ಲಿ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ತಂದಿತು. ಅವರ ಜನ್ಮದಿನವಾದ ಅಕ್ಟೋಬರ್ 5ನ್ನು ಕರುಣೆಯ ದಿನವಾಗಿ ಆಚರಿಸುವುದಾಗಿ ತಮಿಳುನಾಡು ಸರ್ಕಾರ ಪ್ರಕಟಿಸಿತು. 2023ಕ್ಕೆ ಅವರು ಹುಟ್ಟಿ ಇನ್ನೂರು ವರ್ಷ ತುಂಬಿತು. ಇಂದಿನ ಕಡಲೂರು ಜಿಲ್ಲೆಯ ವಡಲೂರಿಗೆ ತೈಪೂಸದಂದು ಲಕ್ಷಾಂತರ ಜನ ಬರುತ್ತಾರೆ. ಏಳು ತೆರೆಗಳನ್ನು ಸರಿಸಿ ಜ್ಯೋತಿಯನ್ನು ತೋರಿಸುತ್ತಾರೆ. ಜನ ಕೈಮುಗಿಯುತ್ತಾರೆ.

ಆದರೆ ರಾಮಲಿಂಗರನ್ನು ಕಾಣಬೇಕಾದರೆ ಜ್ಞಾನಸಭೆಯಷ್ಟೇ ಧರ್ಮಶಾಲೆಯ ಅಡುಗೆಮನೆಗೂ ಹೋಗಬೇಕು. ಅವರ ಮಾತನ್ನು ಜನ ಪೂರ್ತಿ ಕೇಳಲಿಲ್ಲ; ಮಾಂಸದಂಗಡಿ ವರ್ಷಕ್ಕೊಂದು ದಿನ ಮುಚ್ಚುತ್ತದೆ, ಮರುದಿನ ತೆರೆಯುತ್ತದೆ. ಅವರ ಒಲೆಯನ್ನು ಮಾತ್ರ ಜನ ಒಂದು ದಿನವೂ ಆರಗೊಡಲಿಲ್ಲ. ಮಾಂಸ ಬಿಟ್ಟ ಮನೆಯವರೂ ಬಿಡದ ಮನೆಯವರೂ ಅದಕ್ಕೆ ಅಕ್ಕಿ, ಬೇಳೆ, ಸೌದೆ ಕೊಡಬಹುದು. ಇಬ್ಬರೂ ಅಲ್ಲಿ ಒಂದೇ ಸಾಲಿನಲ್ಲಿ ಕುಳಿತು ಉಣ್ಣಬಹುದು. ನಮ್ಮ ಮನೆಯ ಮದುವೆಯಲ್ಲಿ, ಊರ ಹಬ್ಬದಲ್ಲಿ ಎಲೆ ಹಾಕುವಾಗ ಬಾಗಿಲಾಚೆ ಯಾರು ನಿಂತಿದ್ದಾರೆಂದು ಒಮ್ಮೆ ಹೊರಗೆ ಹೋಗಿ ನೋಡಿದರೆ, ವಡಲೂರಿಗೆ ಹೋಗಿ ಬಂದಷ್ಟೇ ಫಲ.