ಮ್ಯಾಗ್ಸೆಸೆ ಹೊತ್ತ ಹೆಣ ಮತ್ತು ಒಂದು ಊರಿನ ಚುನಾವಣೆ

ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2011ರಲ್ಲಿ ಹರೀಶ್ ಹಂದೆ ಅವರಿಗೆ, 2016ರಲ್ಲಿ ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಅವರಿಗೆ. ಪ್ರತಿ ಸಲವೂ ನಮ್ಮ ಪತ್ರಿಕೆಗಳು ಏಷ್ಯಾದ ನೊಬೆಲ್ ಅಂತ ಒಂದು ಸಾಲು ಸೇರಿಸಿ ಸುದ್ದಿ ಮುಗಿಸುತ್ತವೆ. ಈ ಮ್ಯಾಗ್ಸೆಸೆ ಯಾರು, ಏನು ಮಾಡಿದ ಮನುಷ್ಯ ಅಂತ ಯಾರೂ ಕೇಳೋದಿಲ್ಲ. ನಾನೂ ಬಹಳ ವರ್ಷ ಕೇಳಿರಲಿಲ್ಲ.

ಕೇಳಿದ ಮೇಲೆ ಗೊತ್ತಾಗಿದ್ದು ಇಷ್ಟು: ರಮೋನ್ ಮ್ಯಾಗ್ಸೆಸೆ ಫಿಲಿಪ್ಪೀನ್ಸ್‌ನ ಅಧ್ಯಕ್ಷರಾಗಿದ್ದವರು. ಆದರೆ ದೇಶದ ಕಣ್ಣಲ್ಲಿ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದ ಘಟನೆಗಳಲ್ಲಿ ದೊಡ್ಡದು ನಡೆದಿದ್ದು ರಾಜಧಾನಿ ಮನಿಲಾದಲ್ಲಿ ಅಲ್ಲ, ನೆಗ್ರೋಸ್ ಎಂಬ ದ್ವೀಪದ ಒಂದು ಸಣ್ಣ ಊರಿನ ಮೇಯರ್ ಚುನಾವಣೆಯಲ್ಲಿ. ಲೋಕಸಭೆ ಅಂದರೆ ರಾತ್ರಿಯೆಲ್ಲ ಚರ್ಚೆ ಮಾಡಿ, ಊರಿನ ಚುನಾವಣೆ ಅಂದರೆ ಮೂಗು ಮುರಿಯುವ ನನ್ನಂಥವರು ಈ ಕತೆಯನ್ನು ಒಮ್ಮೆ ಓದಬೇಕು ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಬಸ್ ಮೆಕ್ಯಾನಿಕ್

ಮ್ಯಾಗ್ಸೆಸೆ ಹುಟ್ಟಿದ್ದು 1907ರ ಆಗಸ್ಟ್ 31ರಂದು, ಲುಜಾನ್ ದ್ವೀಪದ ಜಾಂಬಾಲೆಸ್ ಪ್ರಾಂತ್ಯದಲ್ಲಿ. ಅಪ್ಪ ಕಮ್ಮಾರಿಕೆ ಬಲ್ಲವರು, ಅಮ್ಮ ಶಾಲಾ ಶಿಕ್ಷಕಿ. ಆಗ ದೇಶವಿಡೀ ಅಮೆರಿಕದ ವಸಾಹತು. ರಾಜಕಾರಣ ಅನ್ನೋದು ಸ್ಪ್ಯಾನಿಷ್ ಕಾಲದಿಂದ ಬಂದ ಜಮೀನ್ದಾರಿ ಮನೆತನಗಳ ಮನೆಯ ವ್ಯವಹಾರ. ಆ ಮನೆತನಗಳ ಮಕ್ಕಳು ಕಾನೂನು ಓದಿ ವಕೀಲರಾಗಿ, ಅಲ್ಲಿಂದ ಸೆನೆಟರ್ ಆಗುತ್ತಿದ್ದರು. ಮ್ಯಾಗ್ಸೆಸೆ ಬಸ್ ಕಂಪನಿಯೊಂದರಲ್ಲಿ ಮೆಕ್ಯಾನಿಕ್ ಆದರು, ಆಮೇಲೆ ಅದರ ಶಾಖೆಯೊಂದರ ಮ್ಯಾನೇಜರ್.

ಎರಡನೇ ಮಹಾಯುದ್ಧದಲ್ಲಿ ಜಪಾನ್ ದೇಶವನ್ನು ಆಕ್ರಮಿಸಿದಾಗ ಮ್ಯಾಗ್ಸೆಸೆ ಜಾಂಬಾಲೆಸ್ ಕಾಡಿನಲ್ಲಿ ಗೆರಿಲ್ಲಾ ಪಡೆ ಸೇರಿ ಹೋರಾಡಿದರು. ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ಸೇನೆ ಅವರನ್ನೇ ಆ ಪ್ರಾಂತ್ಯದ ಮಿಲಿಟರಿ ಗವರ್ನರ್ ಮಾಡಿತು. 1946ರಲ್ಲಿ ಸಂಸತ್ತಿನ ಕೆಳಮನೆಗೆ ಗೆದ್ದರು. ಅದೇ ವರ್ಷ ದೇಶಕ್ಕೆ ಸ್ವಾತಂತ್ರ್ಯ ಬಂತು.

ಅದೇ ಚುನಾವಣೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಮಧ್ಯ ಲುಜಾನ್‌ನ ಗೇಣಿದಾರ ರೈತರ ಬೆಂಬಲದಿಂದ ಡೆಮಾಕ್ರಟಿಕ್ ಅಲಯನ್ಸ್ ಪಕ್ಷದ ಆರು ಮಂದಿ ಗೆದ್ದು ಬಂದರು. ಜಪಾನೀಯರ ವಿರುದ್ಧ ಹೋರಾಡಿದ್ದ ಹುಕ್ ಗೆರಿಲ್ಲಾ ಪಡೆಯ ನಾಯಕ ಲೂಯಿಸ್ ತರೂಕ್ ಅವರಲ್ಲಿ ಒಬ್ಬರು. ಅವರನ್ನು ಸದನದಲ್ಲಿ ಕೂರಲೇ ಬಿಡಲಿಲ್ಲ. ಅಮೆರಿಕನ್ನರಿಗೆ ದೇಶದ ಸಂಪನ್ಮೂಲಗಳಲ್ಲಿ ಸಮಾನ ಹಕ್ಕು ಕೊಡುವ ತಿದ್ದುಪಡಿಗೆ ಅವರ ಮತಗಳು ಅಡ್ಡ ಬರುತ್ತಿದ್ದವು. ಓಟು ಹಾಕಿ ಗೆಲ್ಲಿಸಿದವರಿಗೂ ಕುರ್ಚಿ ಸಿಗಲಿಲ್ಲ ಅಂದಮೇಲೆ ರೈತರು ಮತ್ತೆ ಬಂದೂಕು ಹಿಡಿದರು. ಹುಕ್ ದಂಗೆ ಅಂತ ಇತಿಹಾಸದಲ್ಲಿ ಬರೋದು ಇದೇ.

1949ರ ಚುನಾವಣೆ ಇದಕ್ಕಿಂತ ಕೆಟ್ಟದಾಗಿತ್ತು. ಸತ್ತವರೂ ಹಕ್ಕಿಪಕ್ಷಿಗಳೂ ಓಟು ಹಾಕಿದ ಚುನಾವಣೆ ಅಂತ ಜನ ಇವತ್ತಿಗೂ ಅದನ್ನು ಗೇಲಿ ಮಾಡುತ್ತಾರೆ. ಲಿಬರಲ್ ಪಕ್ಷದ ಎಲ್ಪಿಡಿಯೊ ಕಿರಿನೊ ಅಧ್ಯಕ್ಷರಾದರು, ದಂಗೆ ಇನ್ನಷ್ಟು ಹಬ್ಬಿತು. 1950ರ ಸೆಪ್ಟೆಂಬರ್‌ನಲ್ಲಿ ಕಿರಿನೊ ತಮ್ಮದೇ ಪಕ್ಷದ ಮ್ಯಾಗ್ಸೆಸೆ ಅವರನ್ನು ರಕ್ಷಣಾ ಮಂತ್ರಿ ಮಾಡಿದರು.

1951ರ ನವೆಂಬರ್

ಮ್ಯಾಗ್ಸೆಸೆ ದಂಗೆಯನ್ನು ಎರಡು ಕೈಯಲ್ಲಿ ಎದುರಿಸಿದರು. ಒಂದು ಕೈಯಲ್ಲಿ ಸೇನೆ. ಅಧಿಕಾರ ವಹಿಸಿದ ಒಂದೇ ತಿಂಗಳ ಸುಮಾರಿಗೆ ಮನಿಲಾದಲ್ಲಿ ಕಮ್ಯುನಿಸ್ಟ್ ಪಕ್ಷದ ಪಾಲಿಟ್‌ಬ್ಯೂರೋ ಸಿಕ್ಕಿಬಿತ್ತು. ಇನ್ನೊಂದು ಕೈಯಲ್ಲಿ, ಶರಣಾದ ಬಂಡುಕೋರರಿಗೆ ಮಿಂಡನಾವೊ ದ್ವೀಪದಲ್ಲಿ ಜಮೀನು. ಹೇಳದೆ ಕೇಳದೆ ಸೇನಾ ಶಿಬಿರಕ್ಕೆ ಹೋಗಿ ಇಳಿಯೋದು, ಸೋಮಾರಿ ಅಧಿಕಾರಿಯನ್ನು ಅಲ್ಲೇ ಕಿತ್ತು ಹಾಕೋದು ಅವರ ಅಭ್ಯಾಸ.

ಪಕ್ಕದಲ್ಲೇ ಒಬ್ಬ ಅಮೆರಿಕನ್ ಇದ್ದ ಅನ್ನೋದನ್ನು ಮರೆಯಬಾರದು. ಎಡ್ವರ್ಡ್ ಲ್ಯಾನ್ಸ್‌ಡೇಲ್, ಸಿಐಎ ಪರವಾಗಿ ಕೆಲಸ ಮಾಡುತ್ತಿದ್ದ ವಾಯುಪಡೆ ಅಧಿಕಾರಿ. ಮ್ಯಾಗ್ಸೆಸೆ ಅವರ ಸಲಹೆಗಾರ, ಗೆಳೆಯ, ಪ್ರಚಾರದ ಸೂತ್ರಧಾರ. ಚುನಾವಣೆ ಕಾಯಲು ಹುಟ್ಟಿಕೊಂಡ ನಾಗರಿಕ ಸಂಘಟನೆ ನಾಮ್‌ಫ್ರೆಲ್ ಹಿಂದೆಯೂ ಸಿಐಎ ನೆರವಿತ್ತು. ಹಾಗಂತ ಮತಗಟ್ಟೆಯಲ್ಲಿ ನಿಂತ ಸಾವಿರಾರು ಜನರ ಆಸೆ ಸುಳ್ಳಾಗಿತ್ತು ಅಂತ ನಾನು ಹೇಳಲಾರೆ. ಎರಡೂ ನಿಜ, ಎರಡನ್ನೂ ಒಟ್ಟಿಗೇ ಓದಬೇಕು.

1951ರ ನವೆಂಬರ್ 13ರಂದು ಸೆನೆಟ್ ಚುನಾವಣೆ, ಜೊತೆಗೇ ಗವರ್ನರ್, ಮೇಯರ್ ಸ್ಥಾನಗಳ ಸ್ಥಳೀಯ ಚುನಾವಣೆ. ಮ್ಯಾಗ್ಸೆಸೆ ಮತಗಟ್ಟೆಗಳಿಗೆ ಸೈನಿಕರನ್ನು ಹಾಕಿದರು. ನಮ್ಮ ಎನ್‌ಸಿಸಿ ಥರದ ತರಬೇತಿ ಪಡೆಯುತ್ತಿದ್ದ ಕಾಲೇಜು ಹುಡುಗರನ್ನೂ ಕಾವಲಿಗೆ ನಿಲ್ಲಿಸಿದರು. ಫಲಿತಾಂಶ ನೋಡಿ ದೇಶವೇ ಬೆರಗಾಯಿತು. ಸೆನೆಟ್‌ನ ಒಂಬತ್ತಕ್ಕೆ ಒಂಬತ್ತೂ ಸ್ಥಾನ ವಿರೋಧ ಪಕ್ಷವಾದ ನಾಸಿಯೊನಾಲಿಸ್ಟಾ ಪಾಲಾಯಿತು. ಆಳುವ ಪಕ್ಷದ ಮಂತ್ರಿಯೇ ಕಾವಲು ನಿಂತು ತಮ್ಮ ಪಕ್ಷ ಸೋಲಲು ಬಿಟ್ಟಿದ್ದರು.

ಇಲ್ಲಿಗೇ ಕತೆ ಮುಗಿದಿದ್ದರೆ ಚೆನ್ನಾಗಿತ್ತು.

ಮಗಾಲ್ಯೋನ್ ಊರು

ನೆಗ್ರೋಸ್ ಸಕ್ಕರೆಯ ದ್ವೀಪ. ಅದರ ಪಶ್ಚಿಮ ಭಾಗದ ಪ್ರಾಂತ್ಯ ನೆಗ್ರೋಸ್ ಆಕ್ಸಿಡೆಂಟಲ್. ಅಲ್ಲಿ ಕಣ್ಣು ಹಾಯುವ ತನಕ ಕಬ್ಬು, ಆ ಕಬ್ಬು ಕೆಲವೇ ಮನೆತನಗಳದ್ದು. ಈ ದೊಡ್ಡ ಎಸ್ಟೇಟುಗಳಿಗೆ ಅಲ್ಲಿ ಹಸಿಯೆಂಡಾ ಅಂತಾರೆ. ಕಟಾವಿನ ಕಾಲಕ್ಕೆ ಪಕ್ಕದ ದ್ವೀಪಗಳಿಂದ ಗುಳೆ ಬರುವ ಕೂಲಿಗಳು ಸಕಾಡಾಗಳು. ಕೂಲಿ, ಸಾಲ, ಅಕ್ಕಿ, ಇರೋಕೆ ಗುಡಿಸಲು ಎಲ್ಲವೂ ಧಣಿಯ ಕೈಯಲ್ಲಿ. ಇಂಥಲ್ಲಿ ಓಟು ಯಾರದ್ದಾಗಿರುತ್ತೆ ಅಂತ ಬೇರೆ ಹೇಳಬೇಕಿಲ್ಲ.

ಊರಿನ ಮೇಯರ್ ಗಿರಿ ಅಲ್ಲಿ ಸಣ್ಣ ಹುದ್ದೆಯಾಗಿರಲಿಲ್ಲ. ಆ ಕಾಲದಲ್ಲಿ ಊರಿನ ಪೊಲೀಸರು ಮೇಯರ್ ಕೈಕೆಳಗೆ. ಪ್ರಾಂತ್ಯದ ಗವರ್ನರ್ ರಫಾಯೆಲ್ ಲಾಕ್ಸನ್ ಅವರ ಹತ್ತಿರ ಸ್ಪೆಷಲ್ ಪೊಲೀಸ್ ಅನ್ನೋ ಹೆಸರಿನಲ್ಲಿ ಬಂದೂಕುಧಾರಿಗಳ ಪಡೆಯೇ ಇತ್ತು. ಹುಕ್ ದಂಗೆಯಿಂದ ರಕ್ಷಣೆ ಅಂತ ನೆಪ. ಊರೂರಿನ ಮೇಯರ್‌ಗಳು ಗವರ್ನರ್ ಕಡೆಯವರಾಗಿದ್ದರೆ ಠಾಣೆ, ಲಾಕಪ್ಪು, ಬಂದೂಕು ಎಲ್ಲ ಒಂದೇ ಕೈಯಲ್ಲಿ. ಒಂದು ಊರು ತಪ್ಪಿದರೂ ಆ ಸರಪಳಿಯ ಒಂದು ಕೊಂಡಿ ಕಳಚುತ್ತೆ.

ಮಗಾಲ್ಯೋನ್ ಅನ್ನೋ ಊರಿನಲ್ಲಿ ಆ ಕೊಂಡಿ ಕಳಚಲು ಹೊರಟವರು ಮೊಯಿಸೆಸ್ ಪಡಿಲ್ಯಾ. ಮ್ಯಾಗ್ಸೆಸೆ ಅವರ ಹಾಗೇ ಯುದ್ಧಕಾಲದ ಗೆರಿಲ್ಲಾ. ಗವರ್ನರ್‌ಗೆ ಇಷ್ಟವಿಲ್ಲ ಅಂತ ಗೊತ್ತಿದ್ದೂ ನಾಸಿಯೊನಾಲಿಸ್ಟಾ ಪಕ್ಷದಿಂದ ಮೇಯರ್ ಸ್ಥಾನಕ್ಕೆ ನಿಂತರು, ಸೋತರು.

ಇಲ್ಲಿ ನಾನು ಪದೇ ಪದೇ ನಿಲ್ಲುತ್ತೇನೆ. ಮನುಷ್ಯ ಸೋತಿದ್ದರು. ಅವರಿಂದ ಗವರ್ನರ್‌ಗೆ ಆಗಬೇಕಾದ ಅಪಾಯ ಏನೂ ಉಳಿದಿರಲಿಲ್ಲ. ಆದರೂ ಚುನಾವಣೆ ಮುಗಿದ ಮೇಲೆ ಅವರನ್ನು ಹಿಡಿದರು, ಊರಿಂದೂರಿಗೆ ಕರೆದೊಯ್ದು ಜನರ ಕಣ್ಣೆದುರೇ ಹಿಂಸೆ ಕೊಟ್ಟರು, ಕೊನೆಗೆ ಗುಂಡಿಟ್ಟು ಕೊಂದರು. ದೇಹದಲ್ಲಿ 14 ಗುಂಡುಗಳು. ಇದು ಗೆಲುವಿಗಾಗಿ ಮಾಡಿದ ಕೊಲೆಯಲ್ಲ, ಮುಂದಿನ ಸಲ ಯಾರೂ ನಾಮಪತ್ರ ಹಾಕದಿರಲಿ ಅಂತ ಮಾಡಿದ ಕೊಲೆ.

ಸುದ್ದಿ ತಲುಪಿ ಮ್ಯಾಗ್ಸೆಸೆ ಓಡಿ ಬರುವಷ್ಟರಲ್ಲಿ ತಡವಾಗಿತ್ತು. ಊರಿನ ನಡುವಿನ ಚೌಕದಲ್ಲಿ ಪೊಲೀಸರ ಬೆಂಚಿನ ಮೇಲೆ ಹೆಣ ಇಟ್ಟಿದ್ದರು. ದೇಶದ ರಕ್ಷಣಾ ಮಂತ್ರಿ ಆ ರಕ್ತಸಿಕ್ತ ದೇಹವನ್ನು ತಮ್ಮ ಕೈಯಲ್ಲೇ ಹೊತ್ತರು. ಆ ಫೋಟೊ ಮರುದಿನ ಪತ್ರಿಕೆಗಳಲ್ಲಿ ಬಂತು.

1952ರ ಜನವರಿಯಲ್ಲಿ ವಿಚಾರಣೆ ಶುರುವಾಯಿತು. 1954ರ ಆಗಸ್ಟ್‌ನಲ್ಲಿ ಕೆಳ ನ್ಯಾಯಾಲಯ ಲಾಕ್ಸನ್ ಮತ್ತು ಅವರ ಸಹಚರರಿಗೆ ಮರಣದಂಡನೆ ವಿಧಿಸಿತು. ಶಿಕ್ಷೆಯಾದವರ ಪಟ್ಟಿಯಲ್ಲಿ ಅದೇ ಪ್ರಾಂತ್ಯದ ಮೂವರು ಮೇಯರ್‌ಗಳೂ ಇದ್ದರು. ಸರಪಳಿ ಅಂದೆನಲ್ಲ, ಅದು ಇದೇ. ಅಧಿಕಾರದಲ್ಲಿರುವ ಪಕ್ಷದ ಪ್ರಬಲ ಗವರ್ನರ್ ಒಬ್ಬನನ್ನು ಕಟಕಟೆಗೆ ಎಳೆಯಬಹುದು ಅಂತ ಜನ ನಂಬಿರಲೇ ಇಲ್ಲ.

ಅರಮನೆ ಬಾಗಿಲು ತೆರೆದವರು

1953ರ ಆರಂಭದಲ್ಲಿ ಮ್ಯಾಗ್ಸೆಸೆ ಮಂತ್ರಿಗಿರಿ ಬಿಟ್ಟು ನಾಸಿಯೊನಾಲಿಸ್ಟಾ ಸೇರಿದರು. ಅಧ್ಯಕ್ಷ ಚುನಾವಣೆಯ ಪ್ರಚಾರದಲ್ಲಿ ಪಡಿಲ್ಯಾ ಕೊಲೆಯ ಕತೆಯನ್ನು ಊರೂರಿಗೆ ಒಯ್ದರು. ಹೆಣವನ್ನು ರಾಜಕೀಯಕ್ಕೆ ಬಳಸಿಕೊಂಡರೇ? ಬಳಸಿಕೊಂಡರು. ಆದರೆ ಬೇರೆಯವರೆಲ್ಲ ಆ ಹೆಣ ಮುಟ್ಟಲೂ ಹೆದರುತ್ತಿದ್ದಾಗ ಹೊತ್ತವರೂ ಅವರೇ. ಆ ನವೆಂಬರ್‌ನಲ್ಲಿ ಸುಮಾರು 69 ಶೇಕಡಾ ಮತ ಪಡೆದು ಕಿರಿನೊ ಅವರನ್ನು ಸೋಲಿಸಿದರು.

ಅಧ್ಯಕ್ಷರ ಅರಮನೆ ಮಲಕನ್ಯಾಂಗ್ ಬಾಗಿಲು ಜನಸಾಮಾನ್ಯರಿಗೆ ತೆರೆಯಿತು. ಬರಿಗಾಲಲ್ಲಿ ಬಂದ ರೈತನೂ ಒಳಗೆ ಹೋಗಬಹುದಿತ್ತು. ದೂರು ಕೇಳಲು ಪ್ರತ್ಯೇಕ ಸಮಿತಿ ಮಾಡಿದರು. 1955ರಲ್ಲಿ ಬಂದ ಕಾನೂನು ಬಾರಿಯೊ, ಅಂದರೆ ಹಳ್ಳಿಯ ಮಟ್ಟದಲ್ಲಿ ಚುನಾಯಿತ ಮಂಡಳಿಗಳಿಗೆ ಅವಕಾಶ ಕೊಟ್ಟಿತು. ಮೇಲಿನವರು ನೇಮಿಸಿದ ಮುಖಂಡನ ಜಾಗದಲ್ಲಿ ಹಳ್ಳಿಯವರೇ ಆರಿಸಿದವರು ಕೂರುವ ದಾರಿ ಆಗ ತೆರೆಯಿತು.

ಭೂಮಿಯ ವಿಷಯಕ್ಕೆ ಬಂದಾಗ ಮಾತ್ರ ಅವರ ಕೈ ಸೋತಿತು. 1954ರಲ್ಲಿ ಗೇಣಿ ಕಾಯ್ದೆ ಬಂತು, 1955ರಲ್ಲಿ ಭೂಸುಧಾರಣಾ ಕಾಯ್ದೆ. ಆದರೆ ಆ ಮಸೂದೆ ಪಾಸ್ ಮಾಡಬೇಕಾದ ಸಂಸತ್ತಿನಲ್ಲಿ ಕೂತಿದ್ದವರು ಜಮೀನ್ದಾರರು. ಅವರ ಕೈಯಿಂದ ಹೊರಬರುವಷ್ಟರಲ್ಲಿ ಕಾಯ್ದೆ ಹಲ್ಲು ಕಳೆದುಕೊಂಡಿತ್ತು. ಒಬ್ಬನ ಹೆಸರಲ್ಲಿ ಒಂದೇ ಕಡೆ 300 ಹೆಕ್ಟೇರ್‌ಗಿಂತ ಹೆಚ್ಚು ಭತ್ತದ ಗದ್ದೆ ಇದ್ದರೆ ಮಾತ್ರ ಸರ್ಕಾರ ಕೈ ಹಾಕಬಹುದಿತ್ತು. ನೆಗ್ರೋಸ್‌ನ ಕಬ್ಬಿನ ಧಣಿಗಳು ನೆಮ್ಮದಿಯಾಗಿ ನಿದ್ದೆ ಮಾಡಿದರು. ವಿದೇಶಾಂಗ ನೀತಿಯಲ್ಲಿ ಮ್ಯಾಗ್ಸೆಸೆ ಅಮೆರಿಕದ ನೆರಳು ಬಿಟ್ಟು ಹೊರಗೆ ಬರಲೂ ಇಲ್ಲ.

1957ರ ಮಾರ್ಚ್ 17ರ ನಸುಕಿನಲ್ಲಿ ಅವರ ವಿಮಾನ ಸೆಬು ದ್ವೀಪದ ಮನುಂಗಲ್ ಬೆಟ್ಟಕ್ಕೆ ಅಪ್ಪಳಿಸಿತು. ನೆಗ್ರೋಸ್‌ನ ಪಕ್ಕದ ದ್ವೀಪ ಅದು. ಬದುಕಿ ಉಳಿದಿದ್ದು ಒಬ್ಬ ಪತ್ರಕರ್ತ ಮಾತ್ರ. ಮ್ಯಾಗ್ಸೆಸೆ ಅವರಿಗೆ ಆಗ 49 ವರ್ಷ. ಅದೇ ವರ್ಷ ಅಮೆರಿಕದ ರಾಕ್‌ಫೆಲರ್ ಕುಟುಂಬದ ನಿಧಿಯ ಹಣದಿಂದ ಪ್ರಶಸ್ತಿ ಸ್ಥಾಪನೆಯಾಯಿತು. 1958ರಲ್ಲಿ ಮೊದಲ ಸಲ ಪಡೆದವರಲ್ಲಿ ನಮ್ಮ ವಿನೋಬಾ ಭಾವೆ ಒಬ್ಬರು. ಭೂಸುಧಾರಣೆಯಲ್ಲಿ ಸೋತವರ ಹೆಸರಿನ ಪ್ರಶಸ್ತಿ ಭೂದಾನ ಕೇಳುತ್ತಾ ನಡೆದವರಿಗೆ.

ಹೆಸರು ಬದಲಾದ ಊರು

ಮಗಾಲ್ಯೋನ್ ಅನ್ನೋ ಊರು ಈಗ ನಕಾಶೆಯಲ್ಲಿ ಆ ಹೆಸರಲ್ಲಿ ಸಿಗೋದಿಲ್ಲ. ಕೊಲೆಯಾದ ಅಭ್ಯರ್ಥಿಯ ನೆನಪಿಗೆ ಅದಕ್ಕೆ ಮೊಯಿಸೆಸ್ ಪಡಿಲ್ಯಾ ಅಂತ ಹೆಸರಿಟ್ಟರು. 1961ರಲ್ಲಿ ಜೆರಾರ್ಡೊ ದೆ ಲಿಯೋನ್ ಅವರ ಕತೆಯನ್ನು ಸಿನಿಮಾ ಮಾಡಿದರು. ಅದರಲ್ಲಿ ಖಳನ ಪಾತ್ರ ಮಾಡಿದ ನಟ ಜೋಸೆಫ್ ಎಸ್ಟ್ರಾಡಾ ಮುಂದೆ ಒಂದು ಊರಿನ ಮೇಯರ್ ಆಗಿ, 1998ರಲ್ಲಿ ದೇಶದ ಅಧ್ಯಕ್ಷರೂ ಆದರು.

ಹೆಸರು ಬದಲಾಯಿತು, ಸಿನಿಮಾ ಬಂತು, ಅಪರಾಧಿಗಳಿಗೆ ಶಿಕ್ಷೆಯೂ ಆಯಿತು. ಇಷ್ಟಾದ ಮೇಲೆ ಏನಾಗಿರಬೇಕಿತ್ತು ಅಂತ ನಾವು ಊಹಿಸಿಕೊಳ್ಳಬಹುದು. ನಡೆದಿದ್ದು ಬೇರೆ. 2019ರ ಸ್ಥಳೀಯ ಚುನಾವಣೆ. ಅದೇ ಮೊಯಿಸೆಸ್ ಪಡಿಲ್ಯಾ ಊರು. ಮೇಯರ್ ಸ್ಥಾನಕ್ಕೆ ನಿಂತಿದ್ದ ಉಪಮೇಯರ್ ಮೇಲೆ ಏಪ್ರಿಲ್‌ನಲ್ಲಿ, ರಸ್ತೆಯಲ್ಲಿ ಹೊಂಚು ಹಾಕಿ ಗುಂಡು ಹಾರಿಸಿದರು. ಜೊತೆಗಿದ್ದ ಇಬ್ಬರು ಬಂಧುಗಳು ಸತ್ತರು. ಅದಕ್ಕೂ ಮೊದಲು ಕೌನ್ಸಿಲರ್ ಒಬ್ಬರ ಕೊಲೆಯಾಗಿತ್ತು. ಚುನಾವಣಾ ಆಯೋಗ ಇಡೀ ಊರನ್ನು ತನ್ನ ನೇರ ಹತೋಟಿಗೆ ತೆಗೆದುಕೊಳ್ಳಬೇಕಾಯಿತು. 2023ರ ಮಾರ್ಚ್‌ನಲ್ಲಿ ದ್ವೀಪದ ಇನ್ನೊಂದು ಬದಿಯ ನೆಗ್ರೋಸ್ ಓರಿಯೆಂಟಲ್ ಪ್ರಾಂತ್ಯದ ಗವರ್ನರ್ ರೋಯೆಲ್ ಡೆಗಾಮೊ ಅವರನ್ನು ಅವರ ಮನೆಯಲ್ಲೇ, ನೆರವು ಕೇಳಿ ಬಂದ ಜನರ ನಡುವೆಯೇ ಕೊಂದರು.

ಮ್ಯಾಗ್ಸೆಸೆ ಬದುಕಿನಿಂದ ನಾನು ಹೆಕ್ಕಿಕೊಂಡಿದ್ದು ಇದನ್ನೇ. ಮತಗಟ್ಟೆಗೆ ಸೈನಿಕರನ್ನು ಕಳಿಸಿ ಒಂದು ದಿನದ ಮತದಾನ ಕಾಯಬಹುದು. ಅವರು ಕಾದರು, ಅದು ಸಣ್ಣ ಸಾಧನೆಯಲ್ಲ. ಸೈನಿಕರು ಲಾರಿ ಹತ್ತಿ ಹೊರಟ ಮೇಲೆ, ಮರುದಿನ ಬೆಳಗ್ಗೆ ಊರಿನ ಠಾಣೆ ಯಾರದ್ದು, ಕೂಲಿ ಕೊಡೋದು ಯಾರು, ಜಮೀನು ಯಾರ ಹೆಸರಲ್ಲಿದೆ ಅನ್ನೋದು ಹಾಗೇ ಉಳಿದಿದ್ದರೆ ಸೋತ ಅಭ್ಯರ್ಥಿ ಒಬ್ಬಂಟಿ. ಮ್ಯಾಗ್ಸೆಸೆ ಒಬ್ಬ ಗವರ್ನರ್‌ನನ್ನು ಕಟಕಟೆಗೆ ತಂದರು, ಗವರ್ನರ್‌ಗಳನ್ನು ಬೆಳೆಸುವ ಕಬ್ಬಿನ ಗದ್ದೆಯನ್ನು ಮುಟ್ಟಲು ಅವರಿಂದ ಆಗಲಿಲ್ಲ.

ಅಂದಹಾಗೆ, 2019ರಲ್ಲಿ ಗುಂಡಿನ ದಾಳಿಯಿಂದ ಪಾರಾದ ಆ ಉಪಮೇಯರ್ ಕಣದಿಂದ ಹಿಂದೆ ಸರಿಯಲಿಲ್ಲ. ಮೇ ತಿಂಗಳಲ್ಲಿ ಜನ ಬಂದು ಓಟು ಹಾಕಿದರು. ಪಡಿಲ್ಯಾ ಯಾವ ಕುರ್ಚಿಗಾಗಿ ಸತ್ತರೋ ಆ ಕುರ್ಚಿಗೆ ಆ ಹೆಣ್ಣುಮಗಳು ಗೆದ್ದು ಬಂದರು.