ವಿಶ್ವೇಶ್ವರಯ್ಯನವರ ಕೈಗೂಡದ ಕಾರ್ಖಾನೆ



ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೇಳಿದ ಕೂಡಲೇ ನಿಮ್ಮ ಕಣ್ಣಮುಂದೆ ಕನ್ನಂಬಾಡಿ ಕಟ್ಟೆ ಬರುತ್ತದೆ. ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನಾಚರಣೆಯ ಭಾಷಣಗಳಲ್ಲಿಯೂ ಅದೇ ಮಾತು. ಆದರೆ ಎಪ್ಪತ್ತು ದಾಟಿದ ಮೇಲೆ ಅವರು ಹೆಗಲಿಗೇರಿಸಿಕೊಂಡು, ಎಷ್ಟು ಶ್ರಮಿಸಿದರೂ ಕೈಗೂಡದೆ ಹೋದ ಒಂದು ಕೆಲಸವಿದೆ. ಅದೇ ಮೋಟಾರು ಕಾರಿನ ಕಾರ್ಖಾನೆ.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತಾ ಕಾಲೇಜು ಮುಗಿಸಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಆಗ ನಮ್ಮ ಧಾರವಾಡ ಜಿಲ್ಲೆ, ಅದರೊಳಗಿನ ಮೊರಬವೂ ಮುಂಬಯಿ ಪ್ರಾಂತಕ್ಕೇ ಸೇರಿತ್ತು. 1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರು. ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಹೋಗಿ, ತಮ್ಮ ಸ್ವಂತ ಕಾರಿನಲ್ಲಿ ಮನೆಗೆ ಮರಳಿದರೆಂಬ ಕಥೆಯನ್ನು ನೀವು ಕೇಳಿಯೇ ಇರುತ್ತೀರಿ. ಅದು ಜನರ ಬಾಯಲ್ಲಿ ಬೆಳೆದು ಬಂದ ಕಥೆ. ಅವರ ನಿಜವಾದ ಕಾರಿನ ಕಥೆ ಇದಕ್ಕಿಂತ ದೊಡ್ಡದು.

ಅದನ್ನು ತಿಳಿಯಲು ಅಮೆರಿಕದತ್ತ ಒಮ್ಮೆ ನೋಡಬೇಕು. 1908ರಲ್ಲಿ ಹೆನ್ರಿ ಫೋರ್ಡ್ ಮಾಡೆಲ್ ಟಿ ಎಂಬ ಕಾರನ್ನು ಹೊರತಂದ. ಅದರ ಬೆಲೆ 850 ಡಾಲರಿನ ಆಸುಪಾಸು. 1913ರಲ್ಲಿ ಆತ ಒಂದು ಹೊಸ ಕ್ರಮ ಹೂಡಿದ. ಕೆಲಸಗಾರ ನಿಂತಲ್ಲೇ ನಿಲ್ಲುತ್ತಾನೆ, ಕಾರು ಅವನ ಮುಂದೆ ಸರಿದು ಬರುತ್ತದೆ, ಒಬ್ಬೊಬ್ಬನಿಗೆ ಒಂದೊಂದೇ ಕೆಲಸ. 12 ಗಂಟೆಗೂ ಮಿಕ್ಕಿ ಹಿಡಿಯುತ್ತಿದ್ದ ಚಾಸಿಯ ಜೋಡಣೆ 93 ನಿಮಿಷಕ್ಕೆ ಇಳಿಯಿತು. 1914ರಲ್ಲಿ ದಿನಕ್ಕೆ 5 ಡಾಲರ್ ಕೂಲಿ ಕೊಡಲಾರಂಭಿಸಿದ. ಕಾರಿನ ಬೆಲೆ ಮುಂದೆ 300 ಡಾಲರಿಗೂ ಕೆಳಗಿಳಿಯಿತು. 1927ರ ಹೊತ್ತಿಗೆ ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳು ತಯಾರಾಗಿದ್ದವು. ಶ್ರೀಮಂತರ ಗಾಡಿ ಒಕ್ಕಲಿಗನ ಮನೆಯ ಗಾಡಿಯಾಯಿತು.

ನಮ್ಮಲ್ಲಿ? ಜನರಲ್ ಮೋಟಾರ್ಸ್ ಕಂಪನಿ 1928ರಲ್ಲಿ ಮುಂಬಯಿಯಲ್ಲಿ ಕಾರು ಜೋಡಿಸಲು ಆರಂಭಿಸಿತ್ತು. ಭಾಗಗಳೆಲ್ಲ ಹೊರಗಿನಿಂದ ಬರುತ್ತಿದ್ದವು. ಇಲ್ಲಿಯವರ ಪಾಲಿಗೆ ಬೋಲ್ಟು ತಿರುಗಿಸುವ ಕೆಲಸ. ವಿಶ್ವೇಶ್ವರಯ್ಯನವರಿಗೆ ಇದು ಸಮಾಧಾನ ತರಲಿಲ್ಲ. ಒಂದು ಕಾರಿಗೆ ಉಕ್ಕು ಬೇಕು, ರಬ್ಬರು ಬೇಕು, ಗಾಜು, ಬಣ್ಣ, ಬ್ಯಾಟರಿ ಬೇಕು. ಕಾರನ್ನು ಇಲ್ಲಿಯೇ ತಯಾರಿಸಿದರೆ ಅದರ ಸುತ್ತ ನೂರಾರು ಸಣ್ಣ ಕಾರ್ಖಾನೆಗಳು ಹುಟ್ಟುತ್ತವೆ, ಸಾವಿರಾರು ಹುಡುಗರು ಕಸುಬು ಕಲಿಯುತ್ತಾರೆ ಎಂಬುದು ಅವರ ಲೆಕ್ಕ. ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದ್ದ ಅವರಿಗೆ ಇದು ಬರಿಯ ಕಾಗದದ ಲೆಕ್ಕವಾಗಿರಲಿಲ್ಲ.

1935ರಲ್ಲಿ ಅವರು ಯುರೋಪು, ಅಮೆರಿಕಗಳಿಗೆ ಹೋಗಿ ಮೋಟಾರು ಉದ್ಯಮವನ್ನು ಅಭ್ಯಾಸ ಮಾಡಿ ಬಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲಚಂದ ಹೀರಾಚಂದ ಜೊತೆಯಾದರು. ಅಮೆರಿಕದ ಕ್ರೈಸ್ಲರ್ ಕಂಪನಿ ತಾಂತ್ರಿಕ ನೆರವಿಗೆ ಒಪ್ಪಿತು. ಮುಂಬಯಿಯ ಕಾಂಗ್ರೆಸ್ ಸರ್ಕಾರ ಒಲವು ತೋರಿತು, ಆದರೆ 1939ರಲ್ಲಿ ಅದು ರಾಜೀನಾಮೆ ಕೊಟ್ಟಿತು. ಬಳಿಕ ಬೆಂಗಳೂರಿನ ಮಾತು ಬಂತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರು ಕೈಗಾರಿಕೆಯ ವಿಷಯದಲ್ಲಿ ಎಂದೂ ಹಿಂದೆಗೆಯದವರು. ಮೈಸೂರು ಸರ್ಕಾರ ನೆರವಿಗೆ ಮುಂದಾಯಿತು. ಅಷ್ಟರಲ್ಲಿ ದೆಹಲಿಯ ಬ್ರಿಟಿಷ್ ಸರ್ಕಾರ ಅಡ್ಡ ಬಂತು. ಕಾರಿನ ಕಾರ್ಖಾನೆಯಿಂದ ಯುದ್ಧಕ್ಕೆ ಉಪಯೋಗವಿಲ್ಲವೆಂಬ ನೆಪ ಅದರದು. ಲಾರಿಗಳಿಲ್ಲದೆ ಯಾವ ಯುದ್ಧ ನಡೆದೀತೆಂದು ನೀವೇ ಯೋಚಿಸಿ! ಅದೇ ವಾಲಚಂದರು ಅದೇ ಮೈಸೂರು ಸರ್ಕಾರದೊಡನೆ ಕೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. ವಿಮಾನಕ್ಕೆ ಸಿಕ್ಕ ಒಪ್ಪಿಗೆ ಕಾರಿಗೆ ಸಿಗಲಿಲ್ಲ.

ವಾಲಚಂದರು ಬಿಡದೆ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಕ್ರೈಸ್ಲರ್ ನೆರವಿನಿಂದ 1947ರಲ್ಲಿ ಮುಂಬಯಿಯ ಕುರ್ಲಾದಿಂದ ಕಾರುಗಳು ಹೊರಬಂದವು. ಅದಕ್ಕೂ ಒಂದು ವರ್ಷ ಮೊದಲು, 85ರ ವಯಸ್ಸಿನಲ್ಲಿ, ವಿಶ್ವೇಶ್ವರಯ್ಯನವರು ಕೈಗಾರಿಕೋದ್ಯಮಿಗಳ ನಿಯೋಗದ ಮುಂದಾಳಾಗಿ ಮತ್ತೆ ಯುರೋಪು, ಅಮೆರಿಕ ಸುತ್ತಿ ಬಂದಿದ್ದರು. ಅವರು ತೀರಿಕೊಂಡದ್ದು 1962ರಲ್ಲಿ. ಬೆಂಗಳೂರಿನಲ್ಲಿ ಕಾರು ತಯಾರಿಸುವ ಸಣ್ಣಪುಟ್ಟ ಪ್ರಯತ್ನಗಳು ಆಮೇಲೆ ನಡೆದವು. ಹತ್ತಿರದ ಬಿಡದಿಯ ದೊಡ್ಡ ಕಾರ್ಖಾನೆಯಿಂದ ವಾಹನಗಳು ಹೊರಬರತೊಡಗಿದ್ದು 1999ರ ಡಿಸೆಂಬರಿನಲ್ಲಿ.