ಹಾಫ್ಕಿನ್ ಸಾಹೇಬರು: ಪ್ಲೇಗಿನ ಕಾಲದಲ್ಲಿ ಲೆಕ್ಕ ಇಟ್ಟವರು



ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಮನೆಗಳ ಮಕ್ಕಳು ಈಗ ನರ್ಸಿಂಗ್, ಫಾರ್ಮಸಿ, ಬಿ.ಎಡ್. ಮುಂತಾದ ಕೋರ್ಸು ಓದುತ್ತಿದ್ದಾರೆ. ಓದಿನ ಜೊತೆಗೆ ಅವರಿಗೆ ಒಂದು ಪ್ರಾಜೆಕ್ಟ್ ಇರುತ್ತದೆ. ಪ್ರಶ್ನೆಗಳ ಹಾಳೆ ಹಿಡಿದು ಮನೆಮನೆಗೆ ಹೋಗಬೇಕು. ಏನು ಉಣ್ಣುತ್ತೀರಿ, ಸಕ್ಕರೆ ಕಾಯಿಲೆ ಇದೆಯೇ, ಗುಳಿಗೆ ತಪ್ಪದೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿ ಬರೆದುಕೊಳ್ಳಬೇಕು. ಹಿರಿಯರು ಕೆಲವರು ಇದನ್ನೆಲ್ಲ ಯಾಕೆ ಕೇಳುತ್ತೀರಿ, ಇದರಿಂದ ನಮಗೇನು ಲಾಭ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವಾಗಿ ಈ ಸಲ ಒಬ್ಬ ದೊಡ್ಡ ಮನುಷ್ಯರ ಜೀವನ ಬರೆಯುತ್ತಿದ್ದೇನೆ. ಅವರ ಹೆಸರು ನಮಗೆಲ್ಲ ಗೊತ್ತು, ಮನುಷ್ಯ ಗೊತ್ತಿಲ್ಲ. ಮುಂಬಯಿಯ ಪರೇಲಿನಲ್ಲಿರುವ ಹಾಫ್ಕಿನ್ ಸಂಸ್ಥೆಯ ಹೆಸರು ಮಹಾರಾಷ್ಟ್ರದಲ್ಲಿರುವ ನಾವು ಕೇಳದ ದಿನವಿಲ್ಲ. ಮಕ್ಕಳಿಗೆ ಹಾಕುವ ಪೋಲಿಯೋ ಹನಿಯ ಶೀಶೆಯ ಮೇಲೂ ಆ ಹೆಸರು ಕಂಡವರಿದ್ದಾರೆ.

ವಾಲ್ಡೆಮಾರ್ ಮೊರ್ಡೆಕೈ ಹಾಫ್ಕಿನ್ ಹುಟ್ಟಿದ್ದು 1860ರಲ್ಲಿ, ಆಗಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾ ಬಂದರಿನಲ್ಲಿ. ಯೆಹೂದಿ ಮನೆತನ. ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿದರು. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಮೆಚ್ನಿಕಾಫ್ ಅವರ ಗುರುಗಳು. ಆ ಕಾಲದಲ್ಲಿ ಅಲ್ಲಿ ಯೆಹೂದಿಗಳ ಕೇರಿಗಳ ಮೇಲೆ ದಾಳಿ ಆಗುತ್ತಿದ್ದವು. ಕೇರಿಯ ರಕ್ಷಣೆಗೆ ನಿಂತ ತರುಣರಲ್ಲಿ ಹಾಫ್ಕಿನ್ ಒಬ್ಬರು. ಪೆಟ್ಟು ತಿಂದರು, ಪೊಲೀಸರ ಕೈಗೆ ಸಿಕ್ಕರು. ಗುರುಗಳು ನಡುವೆ ಬಂದು ಬಿಡಿಸಿದರು. ಓದು ಮುಗಿದ ಮೇಲೆ, ಮತ ಬದಲಿಸಿದರೆ ಅಧ್ಯಾಪಕರಾಗಬಹುದು ಎಂಬ ಸ್ಥಿತಿ ಇತ್ತು. ಅವರು ಒಪ್ಪಲಿಲ್ಲ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ, ಅಲ್ಲಿಂದ ಪ್ಯಾರಿಸಿನ ಪಾಶ್ಚರ್ ಸಂಸ್ಥೆಗೆ ಹೋದರು. ಅಲ್ಲಿ ಅವರಿಗೆ ಸಿಕ್ಕಿದ್ದು ಗ್ರಂಥಾಲಯದ ಕೆಲಸ. ಹಗಲು ಪುಸ್ತಕ ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಪ್ರಯೋಗಶಾಲೆಯಲ್ಲಿ ಕಾಲರಾ ರೋಗಾಣುವಿನ ಮೇಲೆ ಕೆಲಸ ಮಾಡಿದರು.

1892ರ ಜುಲೈ 18ರಂದು ತಾವು ಮಾಡಿದ ಕಾಲರಾ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಜ್ವರ ಬಂತು, ಇಳಿಯಿತು. ಆದರೆ ಆರೋಗ್ಯವಂತನೊಬ್ಬ ಬದುಕಿ ಉಳಿದ ಮಾತ್ರಕ್ಕೆ ಲಸಿಕೆ ರೋಗ ತಡೆಯುತ್ತದೆ ಎಂದಾಗುವುದಿಲ್ಲ. ಅದು ತಿಳಿಯಬೇಕಾದರೆ ಕಾಲರಾ ಇರುವ ಊರಿಗೇ ಹೋಗಬೇಕು. ಹಿಂದೆ ನಮ್ಮ ದೇಶದ ವೈಸ್‌ರಾಯ್ ಆಗಿದ್ದ ಲಾರ್ಡ್ ಡಫರಿನ್ ಆಗ ಪ್ಯಾರಿಸಿನಲ್ಲಿ ಬ್ರಿಟಿಷ್ ರಾಯಭಾರಿ. ಅವರ ಸಲಹೆಯಂತೆ ಹಾಫ್ಕಿನ್ 1893ರ ಮಾರ್ಚಿನಲ್ಲಿ ಕಲಕತ್ತೆಗೆ ಬಂದರು.

ಬಂದವರು ವೈದ್ಯರಲ್ಲ, ಇಂಗ್ಲಿಷರೂ ಅಲ್ಲ. ಸರ್ಕಾರಿ ವೈದ್ಯರಿಗೆ ಅವರ ಮೇಲೆ ಅಷ್ಟಕ್ಕಷ್ಟೆ. ಜನರಿಗಂತೂ ಸೂಜಿ ಎಂದರೆ ಭಯ. ಕಲಕತ್ತೆಯ ಬಡವರ ಕೇರಿಗಳಲ್ಲಿ ಮೊದಮೊದಲು ಕಲ್ಲು ತೂರಿದರು. ಅವರು ಜನರ ಕಣ್ಣೆದುರೇ ತಮಗೆ ಚುಚ್ಚಿಸಿಕೊಂಡು ತೋರಿಸಿದರು. ಒಲ್ಲೆ ಎಂದವರಿಗೆ ಹಾಕಲಿಲ್ಲ. 1894ರಲ್ಲಿ ಕಟ್ಟಾಲ್ ಬಗಾನ್ ಎಂಬ ಕೇರಿಯಲ್ಲಿ ಕಾಲರಾ ಕಾಣಿಸಿಕೊಂಡಾಗ ಸುಮಾರು 200 ಜನರಲ್ಲಿ 116 ಜನ ಚುಚ್ಚಿಸಿಕೊಂಡರು. ಮುಂದೆ ಅದೇ ಕೇರಿಯಲ್ಲಿ 10 ಜನರಿಗೆ ಕಾಲರಾ ಬಂದು 7 ಜನ ತೀರಿಕೊಂಡರು. ಆ ಹತ್ತೂ ಜನ ಚುಚ್ಚಿಸಿಕೊಳ್ಳದವರು.

ಹಾಫ್ಕಿನ್‌ರ ಕೆಲಸದ ಜೀವ ಇಲ್ಲಿದೆ. ಒಂದೇ ಕೇರಿ, ಒಂದೇ ನೀರು, ಒಂದೇ ಕಾಲ. ಚುಚ್ಚಿಸಿಕೊಂಡವರದು ಒಂದು ಪಟ್ಟಿ, ಚುಚ್ಚಿಸಿಕೊಳ್ಳದವರದು ಇನ್ನೊಂದು. ಇಷ್ಟು ಜನಕ್ಕೆ ಮದ್ದು ಹಾಕಿದೆ, ಎಲ್ಲರೂ ಚೆನ್ನಾಗಿದ್ದಾರೆ ಎಂದು ಹೇಳಿದರೆ ಅದು ಲೆಕ್ಕವಲ್ಲ. ಮದ್ದು ಹಾಕದಿದ್ದರೂ ಅವರು ಚೆನ್ನಾಗಿಯೇ ಇರುತ್ತಿದ್ದರೋ ಏನೋ! ಎರಡನೆಯ ಪಟ್ಟಿ ಇದ್ದರೆ ಮಾತ್ರ ಮೊದಲನೆಯದಕ್ಕೆ ಅರ್ಥ. ಜನ್ಮವಿಡೀ ದಫ್ತರದಲ್ಲಿ ಕಳೆದ ನನ್ನಂಥವನಿಗೂ ಇದು ಕೂಡಲೇ ತಿಳಿಯುತ್ತದೆ: ಜಮಾ ಬರೆದು ಖರ್ಚು ಬರೆಯದ ವಹಿಯನ್ನು ಯಾರೂ ನಂಬುವುದಿಲ್ಲ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ಪತ್ತೆಯಾಯಿತು. ಅಕ್ಟೋಬರಿನಲ್ಲಿ ಸರ್ಕಾರ ಹಾಫ್ಕಿನ್‌ರನ್ನು ಅಲ್ಲಿಗೆ ಕಳಿಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಅವರಿಗೆ ಸಿಕ್ಕಿದ್ದು ಇಷ್ಟೆ. ಮಾಂಸದ ರಸದಲ್ಲಿ ರೋಗಾಣು ಬೆಳೆಸಿ, ಕಾಯಿಸಿ ಕೊಂದು ಲಸಿಕೆ ಮಾಡಬೇಕಿತ್ತು. ಅದಕ್ಕೆ ಅವರು ಆಡಿನ ಮಾಂಸ ಆರಿಸಿಕೊಂಡರು. ದನದ್ದಾಗಲಿ ಹಂದಿಯದಾಗಲಿ ಬಳಸಿದರೆ ಹಿಂದೂ ಮುಸಲ್ಮಾನರ ಮನಸ್ಸಿಗೆ ನೋವಾದೀತು. ರಸದ ಮೇಲೆ ತುಪ್ಪದ ಹನಿ ತೇಲಬಿಟ್ಟರೆ ಪ್ಲೇಗಿನ ರೋಗಾಣು ಅದನ್ನು ಹಿಡಿದು ಕೆಳಗೆ ಜೋತಾಡುವಂತೆ ಬೆಳೆಯುತ್ತದೆ ಎಂದೂ ಕಂಡುಕೊಂಡರು. 1897ರ ಜನವರಿ 10ರಂದು ಈ ಲಸಿಕೆಯನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು, ಜನರಿಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ.

ಅದೇ ತಿಂಗಳ ಕೊನೆಗೆ ಬೈಕುಲಾ ಜೈಲಿನಲ್ಲಿ ಪ್ಲೇಗು ಬಂತು. ಒಪ್ಪಿದ ಕೈದಿಗಳಿಗೆ ಚುಚ್ಚಿದರು. ಒಪ್ಪದ ಸುಮಾರು 170 ಜನರಲ್ಲಿ 12 ಜನರಿಗೆ ಬೇನೆ ಬಂದು 6 ಜನ ಸತ್ತರು. ಚುಚ್ಚಿಸಿಕೊಂಡ ಸುಮಾರು 150 ಜನರಲ್ಲಿ ಇಬ್ಬರಿಗೆ ಬಂತು, ಯಾರೂ ಸಾಯಲಿಲ್ಲ. ಮರುವರ್ಷ ಬರೋಡಾ ಹತ್ತಿರದ ಉಂಧೇರಾ ಎಂಬ ಹಳ್ಳಿಯಲ್ಲಿ ಇನ್ನೂ ಬಿಗಿಯಾಗಿ ನೋಡಿದರು. ಪ್ರತಿ ಮನೆಯಲ್ಲೂ ಅರ್ಧದಷ್ಟು ಜನಕ್ಕೆ ಚುಚ್ಚಿ, ಉಳಿದವರನ್ನು ಹಾಗೇ ಬಿಟ್ಟರು. ಚುಚ್ಚಿಸಿಕೊಂಡ 513 ಜನರಲ್ಲಿ 8 ಜನರಿಗೆ ಪ್ಲೇಗು, 3 ಸಾವು. ಉಳಿದ 437ರಲ್ಲಿ 27 ಜನರಿಗೆ ಪ್ಲೇಗು, 26 ಸಾವು. ಸಾವಿನ ಈ ಅಂಕಿ ಓದಿದರೆ ಇವತ್ತಿಗೂ ಮನಸ್ಸು ಭಾರವಾಗುತ್ತದೆ. ಆ 26 ಜನರೂ ಯಾರದೋ ತಾಯಿ, ಯಾರದೋ ಮಗ. ಈಗಿನ ಕಾಲದಲ್ಲಾದರೆ ಇಂಥ ಅಧ್ಯಯನಕ್ಕೆ ಮೊದಲು ನೀತಿ ಸಮಿತಿಯ ಒಪ್ಪಿಗೆ, ಪ್ರತಿಯೊಬ್ಬರ ಸಹಿ ಬೇಕು. ಅಂದು ಆ ಕಟ್ಟಳೆ ಇರಲಿಲ್ಲ.

ಆ ದಿನಗಳಲ್ಲಿ ಜನ ಹೇಗೆ ನಡೆದುಕೊಂಡರು ಎಂಬುದನ್ನೂ ತಿಳಿಯಬೇಕು. ಆಸ್ಪತ್ರೆಗೆ ಹೋದವರು ತಿರುಗಿ ಬರುವುದಿಲ್ಲ ಎಂಬ ಸುದ್ದಿ ಹಬ್ಬಿತ್ತು. 1896ರ ಅಕ್ಟೋಬರಿನಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಗೆ ನುಗ್ಗಿದರು. ಪುಣೆಯಲ್ಲಿ ಗೋರಾ ಸಿಪಾಯಿಗಳು ಮನೆ ಹೊಕ್ಕು ತಪಾಸಣೆ ಮಾಡಿದ್ದಕ್ಕೆ ಜನ ಕೆರಳಿದರು. 1897ರ ಜೂನಿನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಚಾಪೇಕರ ಸಹೋದರರು ಗುಂಡಿಟ್ಟು ಕೊಂದರು. ಅದೇ ಪುಣೆಯಲ್ಲಿ ರೋಗಿಗಳ ಸೇವೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆಯವರು ಪ್ಲೇಗಿಗೆ ಬಲಿಯಾದರು. ಒತ್ತಾಯದಿಂದ ಸರ್ಕಾರ ಮಾಡಿದ್ದು ಜನರನ್ನು ದೂರ ತಳ್ಳಿತು. ಮನ ಒಲಿಸಿ ಹಾಫ್ಕಿನ್ ಮಾಡಿದ್ದು ಹತ್ತಿರ ತಂದಿತು. ಖೋಜಾ ಸಮಾಜದ ಗುರುಗಳಾದ ಆಗಾ ಖಾನರು ತಮ್ಮ ಜನರೆದುರು ತಾವೇ ಚುಚ್ಚಿಸಿಕೊಂಡರು, ಪ್ರಯೋಗಶಾಲೆಗೆ ಮನೆಯನ್ನೂ ಬಿಟ್ಟುಕೊಟ್ಟರು. ಅವರನ್ನು ನೋಡಿ ಸಾವಿರಾರು ಜನ ಮುಂದೆ ಬಂದರು. ತಮ್ಮವರು ಹೇಳಿದರೆ ಜನ ನಂಬುತ್ತಾರೆ ಎಂಬುದು ಆಗಲೇ ತಿಳಿದಿತ್ತು.

ಈ ಮಾತಿಗೆ ನಮ್ಮ ಕನ್ನಡ ನಾಡಿನಲ್ಲೇ ಸಾಕ್ಷಿ ಇದೆ. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಿತ್ತು. ರೈಲ್ವೆ ವರ್ಕ್‌ಶಾಪು, ಹತ್ತಿ ಗಿರಣಿ ಇದ್ದ ಊರು. ಜನ ಬಂದು ಹೋಗುವುದು ಜಾಸ್ತಿ. ಅಲ್ಲಿ ಡಾಕ್ಟರ್ ಲೆಯುಮನ್ ಎಂಬವರು ಹಾಫ್ಕಿನ್ ಲಸಿಕೆ ಹಾಕುವ ಕೆಲಸ ಕೈಗೆತ್ತಿಕೊಂಡರು. ಮೇ ತಿಂಗಳಿಂದ ಸೆಪ್ಟೆಂಬರಿನ ತನಕ ಸುಮಾರು 38 ಸಾವಿರ ಜನಕ್ಕೆ ಚುಚ್ಚಿದರು. ಆಗಿನ ಹುಬ್ಬಳ್ಳಿಯ ಜನಸಂಖ್ಯೆ ಸುಮಾರು 50 ಸಾವಿರ ಎಂದರೆ ಕೆಲಸದ ಗಾತ್ರ ತಿಳಿಯಬಹುದು. ಅದೇ ವರ್ಷ ಆಗಸ್ಟಿನಲ್ಲಿ ಪ್ಲೇಗು ರೈಲಿನ ದಾರಿ ಹಿಡಿದು ಬೆಂಗಳೂರಿಗೂ ಹೋಯಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಪ್ಲೇಗಿನ ಮೇಲೆಯೇ.

1899ರ ಆಗಸ್ಟ್ 10ರಂದು ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಪ್ರಯೋಗಶಾಲೆ ಬಂತು. ಅಲ್ಲಿಂದ ಲಕ್ಷಗಟ್ಟಲೆ ಲಸಿಕೆ ದೇಶದ ತುಂಬ ಹೋಗತೊಡಗಿತು. ಇಷ್ಟರಲ್ಲಿ ಆ ದುರ್ಘಟನೆ ನಡೆಯಿತು.

1902ರ ಅಕ್ಟೋಬರ್ 30. ಪಂಜಾಬಿನ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಿದರು. ಕೆಲವು ದಿನಗಳಲ್ಲಿ ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಆ 19 ಜನರಿಗೂ ಹಾಕಿದ್ದು ಒಂದೇ ಬಾಟಲಿಯ ಮದ್ದು. ಬೇರೆ ಬಾಟಲಿಗಳಿಂದ ಹಾಕಿಸಿಕೊಂಡ 88 ಜನರಿಗೆ ಏನೂ ಆಗಲಿಲ್ಲ. ಪಂಜಾಬಿನ ದೊಡ್ಡ ಬೇಡಿಕೆ ಪೂರೈಸಲು ಹಾಫ್ಕಿನ್ ಲಸಿಕೆ ತಯಾರಿಕೆಯಲ್ಲಿ ಕಾರ್ಬಾಲಿಕ್ ಆಮ್ಲ ಬಿಟ್ಟು ಬರೀ ಕಾಯಿಸಿ ಶುದ್ಧ ಮಾಡುವ ಪದ್ಧತಿಗೆ ಬಂದಿದ್ದರು. ತಪ್ಪು ಅಲ್ಲೇ ಆಗಿದೆ, ಬಾಟಲಿ ಮುಂಬಯಿಯಲ್ಲೇ ಕೆಟ್ಟಿದೆ ಎಂದು ಸರ್ಕಾರದ ವಿಚಾರಣಾ ಸಮಿತಿ ಹೇಳಿತು. ಹಾಫ್ಕಿನ್‌ರನ್ನು ಕೆಲಸದಿಂದ ಸರಿಸಿ, ಸಂಬಳವಿಲ್ಲದೆ ಕೂರಿಸಿದರು. ಅವರು 1904ರಲ್ಲಿ ಲಂಡನ್ನಿಗೆ ಹೋದರು.

ಆದರೆ ಹಳ್ಳಿಯಲ್ಲಿ ನಡೆದದ್ದೂ ಕಾಗದದ ಮೇಲಿತ್ತು. ಆ ಬಾಟಲಿಯ ಬಿರಟೆ ತೆಗೆಯುವ ಇಕ್ಕಳ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಹಿಡಿದು ಕಾಯಿಸಬೇಕೆಂಬುದು ನಿಯಮ. ಅವನು ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ಹಾಗೇ ಬಳಸಿದ್ದ. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ. ಲಂಡನ್ನಿನ ಲಿಸ್ಟರ್ ಸಂಸ್ಥೆ ಎಲ್ಲ ಕಾಗದ ಮತ್ತೆ ನೋಡಿತು. ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆ ಎಂದು ನಮ್ಮ ನಿಜಾಮ ಸೀಮೆಯ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್ ಮತ್ತು ಇತರ ವಿಜ್ಞಾನಿಗಳು 1907ರಲ್ಲಿ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದು ಹಾಫ್ಕಿನ್ ಪರ ನಿಂತರು. ಆ ವರ್ಷದ ಕೊನೆಗೆ ಅವರು ನಿರ್ದೋಷಿ ಎಂದಾಯಿತು. ಐದು ವರ್ಷ ಹೋಗಿತ್ತು. ಮುಂಬಯಿಯ ಅವರ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರು. ಕಲಕತ್ತೆಯಲ್ಲಿ ಕೆಲಸ ಕೊಟ್ಟರು; ಆದರೆ ಜನರ ಮೇಲೆ ಲಸಿಕೆ ಪರೀಕ್ಷಿಸುವ ಹಳೆಯ ಅವಕಾಶ ಮತ್ತೆ ಸಿಗಲಿಲ್ಲ.

ನಿವೃತ್ತರಾಗಿ ಯೂರೋಪಿಗೆ ಮರಳಿದ ಅವರು ಮದುವೆಯಾಗಲಿಲ್ಲ. ಕೊನೆಗಾಲದಲ್ಲಿ ತಮ್ಮ ಧರ್ಮದ ಆಚರಣೆಯಲ್ಲಿ ಮನಸ್ಸಿಟ್ಟು, ಕೂಡಿಟ್ಟ ಹಣವನ್ನು ಯೆಹೂದಿ ಮಕ್ಕಳ ವಿದ್ಯೆಗೆ ಬಿಟ್ಟರು. 1925ರಲ್ಲಿ ಪರೇಲಿನ ಪ್ರಯೋಗಶಾಲೆಗೆ ಅವರ ಹೆಸರಿಟ್ಟರು. ಅಷ್ಟು ಹೊತ್ತಿಗೆ ಅಲ್ಲಿಂದ ಸುಮಾರು 2 ಕೋಟಿ 60 ಲಕ್ಷ ಲಸಿಕೆ ಹೋಗಿತ್ತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ಊರಿನಲ್ಲಿ ತೀರಿಕೊಂಡರು.

ಈ ಜೀವನದಿಂದ ನಮ್ಮ ಮಕ್ಕಳು ಕಲಿಯಬೇಕಾದದ್ದು ಎರಡು. ಒಂದು, ಎರಡೂ ಪಟ್ಟಿಗಳನ್ನು ಪ್ರಾಮಾಣಿಕವಾಗಿ ಬರೆಯಬೇಕು. ಹೇಳಿದ್ದನ್ನೇ ಬರೆಯಬೇಕು, ಮನೆಯಲ್ಲಿ ಕೂತು ಹಾಳೆ ತುಂಬಬಾರದು. ಇನ್ನೊಂದು, ಇಕ್ಕಳ ಕಾಯಿಸುವಂಥ ಸಣ್ಣ ಕೆಲಸ ಸಣ್ಣದಲ್ಲ. ನರ್ಸ್ ಆಗಲಿ ಕಂಪೌಂಡರ್ ಆಗಲಿ, ಕಲಿತ ಒಂದು ನಿಯಮ ಬಿಟ್ಟರೆ 19 ಜೀವ ಹೋಗುತ್ತವೆ, ಒಬ್ಬ ನಿರಪರಾಧಿಯ ಹೆಸರೂ ಹೋಗುತ್ತದೆ. ಮುಲ್ಕೊವಾಲಿನಲ್ಲಿ ಇಕ್ಕಳ ಬಿದ್ದದ್ದು ಬರಹಕ್ಕೆ ಬಂದಿತ್ತು ಎಂದೇ ಕೊನೆಗೆ ಸತ್ಯ ಹೊರಬಂತು.

ಹಿರಿಯರಲ್ಲಿ ಒಂದು ಮಾತು. ಪ್ಲೇಗು ಬಲು ಹಳೆಯ ಕಥೆ ಎನ್ನಬೇಡಿ. ಕಿಲ್ಲಾರಿ ಭೂಕಂಪದ ಮರುವರ್ಷ, 1994ರಲ್ಲಿ, ನಮ್ಮ ಮರಾಠವಾಡದ ಬೀಡ ಜಿಲ್ಲೆಯ ಮಾಮ್ಲಾದಲ್ಲಿ ಪ್ಲೇಗಿನ ಸುದ್ದಿ ಬಂದಾಗ ನಾವೆಲ್ಲ ಹೆದರಿದ್ದು ನೆನಪಿರಬಹುದು. ಆದ್ದರಿಂದ ಹುಡುಗರು ಹಾಳೆ ಹಿಡಿದು ಬಂದರೆ ಯಾವ ಕಾಲೇಜು, ಏತಕ್ಕಾಗಿ, ಹೆಸರು ಗುಟ್ಟಾಗಿ ಇಡುತ್ತೀರಾ ಎಂದು ಮೊದಲು ಕೇಳಿ. ಅದು ನಿಮ್ಮ ಹಕ್ಕು. ಉತ್ತರ ಸರಿಯೆನಿಸಿದರೆ ಕೂರಿಸಿ, ಚಹಾ ಕೊಟ್ಟು, ನಿಜ ಹೇಳಿ. ಬೇಡವೆನಿಸಿದರೆ ಬೇಡ ಎನ್ನಿ. ಸುಳ್ಳು ಮಾತ್ರ ಹೇಳಬೇಡಿ. ಸುಳ್ಳು ಉತ್ತರದಿಂದ ಪಟ್ಟಿಯೇ ಕೆಡುತ್ತದೆ.

ಕೊನೆಯದಾಗಿ ಒಂದು ವಿನಂತಿ. ಪ್ಲೇಗು ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆ, ಇಲಿ ಬಿದ್ದ ಕಥೆ, ಮಾರಿಯಮ್ಮನಿಗೆ ಹರಕೆ ಹೊತ್ತ ಕಥೆ ನಿಮ್ಮ ಮನೆಯ ಅಜ್ಜ ಅಜ್ಜಿಯರ ಬಾಯಲ್ಲಿ ಕೇಳಿದ್ದರೆ, ಊರಿನ ಹೆಸರು ಸಹಿತ ನಾಲ್ಕು ಸಾಲು ಕನ್ನಡದಲ್ಲಿ ಬರೆದು ಮುಂದಿನ ಮಾಸಿಕ ಸಭೆಗೆ ತನ್ನಿ. ಬರೆಯಲು ಬಾರದಿದ್ದರೆ ಹೇಳಿ, ನಾನು ಬರೆದುಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ